ಎಂಟು ಆಂಪಿಯರ್ ಬಿಟ್ಟು ಎರಡೂವರೆಗೆ ಇಳಿದೆ: ಗಿಡ್ಡ ಟಾರ್ಚಿನ ಲೆಕ್ಕ

"ಎಂಟು ಆಂಪಿಯರ್ ತಿನ್ನೋ ಎಲ್‌ಇಡಿಗೆ ಎರಡೂವರೆ ಕೊಟ್ರೆ ಅದೆಂಥಾ ಟಾರ್ಚಪಾ" ಅಂತ ನಕ್ಕವರೇ ಈ ಬ್ಯಾಸಿಗಿ ಬೆಳೆಗೆ ನೀರು ಕಟ್ಟಲಿಕ್ಕೆ ಅದೇ ಟಾರ್ಚ್ ಒಯ್ದಿದ್ದಾರೆ. ಅದಕ್ಕೇ ಬರೀತಿದ್ದೀನಿ. ನಮ್ಮ ಗಂಗಾವತಿ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನೋದು. ಗೊಂದಲ ಬೇಡ ಅಂತ ಒಳಗಿನದನ್ನು ಇಲ್ಲಿ ಸೆಲ್ ಅಂತೀನಿ. ಸೋಲ್ಡರ್ ಹಿಡಿಯಲಿಕ್ಕೆ, ಮೀಟರ್ ಓದಲಿಕ್ಕೆ ನಿಮಗೆ ಬರ್ತದೆ ಅಂತ ಹಿಡಿದಿದ್ದೀನಿ.

ಬೇಕಾಗಿದ್ದು ಇಷ್ಟು: ಪ್ಯಾಂಟಿನ ಜೇಬಿಗೆ ಹಿಡಿಸಬೇಕು, ಒಂದೇ ಒಂದು 21700 ಸೆಲ್ (21 ಮಿ.ಮೀ. ಅಗಲ, 70 ಮಿ.ಮೀ. ಉದ್ದದ ಲಿಥಿಯಂ ಸೆಲ್). ರಾತ್ರಿ ತ್ರೀಫೇಸ್ ಬಂದಾಗ ಎರಡು ತಾಸು ಒಂದೇ ಸಮ ಉರಿಯಬೇಕು. ಆಚೆ ಬದುವಿನ ಮೇಲೆ ನಿಂತಿದ್ದು ಹಂದಿಯೋ ನಾಯಿಯೋ ತಿಳಿಯಬೇಕು. ಆನೆಗೊಂದಿ ಗುಡ್ಡದ ಸಾಲಿನವರಿಗಾದರೆ ಚಿರತೆಯೋ ಅಲ್ಲವೋ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಎಕ್ಸ್‌ಎಚ್‌ಪಿ-70 ಅನ್ನೋ ದೊಡ್ಡ ಎಲ್‌ಇಡಿ, 6 ವೋಲ್ಟಿನ ಬೋರ್ಡು, ಸೆಲ್ಲಿನ ವೋಲ್ಟ್ ಏರಿಸಿ ಎಲ್‌ಇಡಿಗೆ ಕರೆಂಟ್ ಕೊಡುವ ಬೂಸ್ಟ್ ಡ್ರೈವರ್. ನಾಲ್ಕು ಸಾವಿರ ಲುಮೆನ್ ಹತ್ತಿರ (ಲುಮೆನ್ ಅಂದರೆ ಒಟ್ಟು ಬೆಳಕಿನ ಅಳತೆ). ಹಚ್ಚಿದ ಕೂಡಲೇ ಅಂಗಳವೆಲ್ಲ ಹಗಲು. ಆದರೆ ಎರಡು ನಿಮಿಷಕ್ಕೆ ಕೈ ಸುಡ್ತದೆ. ಯಾಕೆ ಅಂದರೆ ಲೆಕ್ಕ ಸರಳ. ಎಲ್‌ಇಡಿಗೆ ಹೋಗೋದು ಸುಮಾರು 29 ವ್ಯಾಟ್, ಅದರಲ್ಲಿ 20ರಷ್ಟು ಬರೀ ಶಾಖ. ಅಲ್ಯೂಮಿನಿಯಂ ಗ್ರಾಂಗೆ 0.9 ಜೂಲ್ ನುಂಗಿದರೆ ಒಂದು ಡಿಗ್ರಿ ಏರ್ತದೆ. ತಲೆಭಾಗದ ತೂಕ 110 ಗ್ರಾಂ ಹಿಡಿದರೆ ಐದು ಸೆಕೆಂಡಿಗೆ ಒಂದು ಡಿಗ್ರಿ. ಏಪ್ರಿಲ್ ರಾತ್ರಿ ಎಂಟಕ್ಕೆ ಇಲ್ಲಿ ಗಾಳಿಯೇ 36 ಇರ್ತದೆ. ಅಲ್ಲಿಂದ 60ಕ್ಕೆ ಎಷ್ಟು ಹೊತ್ತು? ಎರಡೇ ನಿಮಿಷ. ಚಳಿ ದೇಶದವರ ಟಾರ್ಚ್ ಪರೀಕ್ಷೆ ನೋಡಿ ಮೋಸ ಹೋಗಬೇಡಿ, ಅವರು 20 ಡಿಗ್ರಿಯಲ್ಲಿ ಫ್ಯಾನ್ ಹಚ್ಚಿ ಅಳೀತಾರೆ. ಸೆಲ್ಲಿಗೂ 60 ಡಿಗ್ರಿಯೇ ಗಡಿ.

ಅಲ್ಲಿಂದ ಉಲ್ಟಾ ಲೆಕ್ಕ ಹಾಕಿದೆ. ಈ ಮೈ ಗಾಳಿಗೆ ಎಷ್ಟು ಶಾಖ ಬಿಟ್ಟುಕೊಡ್ತದೆ? ಹೊರಮೈ ಸುಮಾರು 160 ಚದರ ಸೆಂ.ಮೀ. ಕೈಯಲ್ಲಿ ಹಿಡಿದು ಹೊಲದ ಗಾಳಿಗೆ ನಡೆದಾಗ ಐದು ವ್ಯಾಟ್, ಬಹಳ ಅಂದರೆ ಆರು. ಅಷ್ಟೇ ಶಾಖ ಬರೋ ಹಾಗೆ ಎಲ್‌ಇಡಿ ಬದಲಿಸಿ (3 ವೋಲ್ಟಿನ ಎಸ್‌ಎಫ್‌ಟಿ-40, ಪೂರ್ತಿ ಕೊಟ್ಟರೆ ಎಂಟು ಆಂಪಿಯರ್ ತಿನ್ನೋದು) ಕರೆಂಟ್ ಇಳಿಸಬೇಕು. ಅದೇ ಎರಡೂವರೆ ಆಂಪಿಯರ್: ಎಲ್‌ಇಡಿಗೆ 7.5 ವ್ಯಾಟ್, ಹೊರಗೆ ಬರೋ ಬೆಳಕು 700-750 ಲುಮೆನ್.

"ಏಳುನೂರಕ್ಕೆ ಯಾರು ದುಡ್ಡು ಕೊಡ್ತಾರ" ಅಂದರು. ದೂರ ಹೋಗೋದು ಲುಮೆನ್ನಿಂದಲ್ಲ, ಒಂದು ಚುಕ್ಕಿಯಲ್ಲಿ ಎಷ್ಟು ಬೆಳಕು ಗಿಡಿದಿದೆ ಅನ್ನೋದರಿಂದ. ಎಕ್ಸ್‌ಎಚ್‌ಪಿ-70 ಮೇಲೆ ಗುಮ್ಮಟ, ಒಳಗೆ ನಾಲ್ಕು ಚಿಪ್ಪು, ಬೆಳಗುವ ಜಾಗ ದೊಡ್ಡದು. ಎಸ್‌ಎಫ್‌ಟಿ-40ಗೆ ಗುಮ್ಮಟವೇ ಇಲ್ಲ, ಬೆಳಗುವ ಜಾಗ ಬರೀ 4 ಚದರ ಮಿ.ಮೀ. ಅದೇ 38 ಮಿ.ಮೀ. ನುಣುಪು ರಿಫ್ಲೆಕ್ಟರಿನಲ್ಲಿ ಕೂರಿಸಿ 5 ಮೀಟರ್ ದೂರದ ಗೋಡೆಗೆ, ಬಿದ್ದ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದೆ. 2,100ರ ಆಸುಪಾಸು. 25ರಿಂದ ಗುಣಿಸಿದರೆ ಐವತ್ತೆರಡು ಸಾವಿರ ಚಿಲ್ಲರೆ ಕ್ಯಾಂಡೆಲಾ (ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ). ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ 458 ಮೀಟರ್. ನಾಲ್ಕು ಸಾವಿರ ಲುಮೆನ್ನಿನದು ಮುನ್ನೂರರ ಮೇಲೆ ಸ್ವಲ್ಪ ಹೋಗಿ ಸುಸ್ತಾಗಿತ್ತು. (ಈ ಮೀಟರ್ ಲೆಕ್ಕ ಹುಣ್ಣಿಮೆ ಬೆಳಕಿನಷ್ಟು ಉಳಿಯುವ ದೂರಕ್ಕೆ. ಕಣ್ಣಿಗೆ ಗುರುತು ಹತ್ತೋದು ಅದರ ಅರ್ಧಕ್ಕಿಂತ ಕಡಿಮೆಯೇ.) ಇದೇ ಎಲ್‌ಇಡಿಗೆ ಪೂರ್ತಿ ಎಂಟು ಆಂಪಿಯರ್ ಕೊಟ್ಟರೂ ದೂರ ಒಂದೂವರೆಪಟ್ಟು ಆಗ್ತದೆ, ಶಾಖ ಮಾತ್ರ ನಾಲ್ಕು ಪಟ್ಟು. ಆ ವ್ಯಾಪಾರ ನನಗೆ ಹೊಂದಲಿಲ್ಲ.

ಈಗ ಎಲ್‌ಇಡಿ ಕೂರಿಸೋದು. ಅಗ್ಗದ ಅಲ್ಯೂಮಿನಿಯಂ ಬೋರ್ಡಿಗೆ ಎಲ್‌ಇಡಿ ತಳಕ್ಕೂ ಲೋಹಕ್ಕೂ ನಡುವೆ ಒಂದು ಪದರ ಇರ್ತದೆ, ಶಾಖ ಅಲ್ಲೇ ನಿಲ್ತದೆ. ಆರು ಆಂಪಿಯರಿಗೆ ಎರಡು ಎಲ್‌ಇಡಿ ನೀಲಿಗೆ ತಿರುಗಿ ಹೋದವು. ತಳದ ಪ್ಯಾಡು ನೇರ ತಾಮ್ರಕ್ಕೆ ಮುಟ್ಟುವ 20 ಮಿ.ಮೀ. ಬೋರ್ಡೇ ಬೇಕು. ರೊಟ್ಟಿ ಹಂಚಿನ ಮೇಲೆ ಬೆಸೆಯಿರಿ, ತೊಂದರೆ ಇಲ್ಲ, ಆದರೆ ಆ ಹಂಚು ಮತ್ತೆ ಅಡಿಗೆ ಮನೆಗೆ ಹೋಗಬಾರದು. 183 ಡಿಗ್ರಿಗೆ ಕರಗುವ ಸೋಲ್ಡರ್ ಪೇಸ್ಟ್ ತೆಳ್ಳಗೆ ಸವರಿ. 138ರದ್ದು ಸುಲಭ ಅಂತ ಹೋಗಬೇಡಿ. ಸೋಲ್ಡರ್ ಹೊಳೆದ ಕೂಡಲೇ ಚಿಮಟದಿಂದ ಎಲ್‌ಇಡಿಯನ್ನು ಕೂದಲೆಳೆಯಷ್ಟು ಸರಿಸಿ ಬಿಡಿ. ತಾನೇ ಜಾರಿ ಮೊದಲಿನ ಜಾಗಕ್ಕೆ ಬಂದರೆ ಸರಿ ಕೂತಿದೆ ಅಂತ ಅರ್ಥ. ಅಂಚಿಗೆ ಹೊರಬಂದ ಸೋಲ್ಡರ್ ಉಂಡೆ ಒರೆಸಿ, ಇಲ್ಲಾಂದರೆ ರಿಫ್ಲೆಕ್ಟರ್ ತಳ ಅದಕ್ಕೆ ತಾಗಿ ಶಾರ್ಟ್. ಮೇಲಿನ ಹಳದಿ ಮುಖಕ್ಕೆ ಬೆರಳು ಮುಟ್ಟಿಸಬೇಡಿ. ಎಣ್ಣೆ ಜಿಡ್ಡು ಸುಟ್ಟು ಕಪ್ಪು ಚುಕ್ಕೆ ಆಗ್ತದೆ, ಆಮೇಲೆ ಏನು ಮಾಡಿದರೂ ಹೋಗೋದಿಲ್ಲ.

ಬೋರ್ಡಿನ ಕೆಳಗೇನಿದೆ ಅನ್ನೋದೇ ಅಸಲಿ ವಿಷಯ. ಪೇಟೆಯ ಟಾರ್ಚ್ ಬಿಚ್ಚಿ ನೋಡಿ, ಬೋರ್ಡು ಬರೀ ಅಂಚಿನ ಮೇಲೆ ಕೂತಿರ್ತದೆ, ಕೆಳಗೆ ಟೊಳ್ಳು. ನಾನು 22 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ತಾಮ್ರದ ಬಿಲ್ಲೆ ಹಾಕಿಸಿದೆ, ಇಪ್ಪತ್ತು ಗ್ರಾಂ. ಲೇತಿನವರು ಹಿತ್ತಾಳೆ ಸಾಕು ಅಂದರು, ತಿರುವಲಿಕ್ಕೆ ಹಗುರ ಅಂತ. ಕೇಳಬೇಡಿ. ಶಾಖ ಸಾಗಿಸೋದರಲ್ಲಿ ಹಿತ್ತಾಳೆ ಅಲ್ಯೂಮಿನಿಯಂಗಿಂತ ಹಿಂದೆ. ತಾಮ್ರ ಎರಡಕ್ಕಿಂತಲೂ ಬಹಳ ಮುಂದೆ. ಬಿಲ್ಲೆ ತಾನು ಕೂರುವ ತೂತಿಗಿಂತ 0.03 ಮಿ.ಮೀ. ಅಗಲ ಹೆಚ್ಚಿರಲಿ. ಟಾರ್ಚಿನ ತಲೆಯನ್ನು ಹಂಚಿನ ಮೇಲೆ 150 ಡಿಗ್ರಿಗೆ ಕಾಯಿಸಿ, ಬಿಲ್ಲೆಯನ್ನು ಫ್ರೀಜರಿನಿಂದ ತೆಗೆದು ಒಂದೇ ಸಲಕ್ಕೆ ಇಳಿಸಬೇಕು. ಅರ್ಧಕ್ಕೆ ನಿಂತರೆ ಮುಗೀತು, ಬಡಿದು ತೆಗೆಯಬೇಕು. ಮೂರು ತಲೆ ಹಾಗೆ ಕೆಟ್ಟವು. ತಂತಿ ಹೋಗುವ ತೂತುಗಳ ಅಂಚನ್ನು ದೊಡ್ಡ ಡ್ರಿಲ್ಲಿನಿಂದ ಸವರಿ, ಇಲ್ಲದಿದ್ದರೆ ತಂತಿ ಸಿಪ್ಪೆ ಹರಿದು ಇನ್ನೊಂದು ಶಾರ್ಟ್.

ಇನ್ನು ಡ್ರೈವರ್. ಎಲ್ಲರೂ ಜಗಳಕ್ಕೆ ಬಂದದ್ದು ಇಲ್ಲೇ. 7135 ಚಿಪ್ಪಿನ ಸಾದಾ ಡ್ರೈವರ್ ನೂರೈವತ್ತಕ್ಕೆ ಸಿಗುವಾಗ ವೋಲ್ಟ್ ಇಳಿಸಿ ಕೊಡುವ ಐನೂರರ ಬಕ್ ಡ್ರೈವರ್ ಯಾಕೆ, ಉರಿಯೋದು ಹತ್ತು ನಿಮಿಷ ಹೆಚ್ಚು ಅಷ್ಟೇ ಅಲ್ಲವಾ? ಹೌದು, ಅಷ್ಟೇ. ಆದರೆ ಸೆಲ್ ತುಂಬಿದಾಗ 4.2 ವೋಲ್ಟ್, ಎಲ್‌ಇಡಿಗೆ ಬೇಕಾಗಿದ್ದು 3. ಮಿಕ್ಕ 1.2 ವೋಲ್ಟನ್ನು ಸಾದಾ ಡ್ರೈವರ್ ಶಾಖ ಮಾಡಿ ಒಳಗೇ ಇಟ್ಟುಕೊಳ್ತದೆ. ಎರಡೂವರೆ ಆಂಪಿಯರಿಗೆ ಮೂರು ವ್ಯಾಟ್! ಇಡೀ ಮೈ ಬಿಡೋದೇ ಐದು-ಆರು ವ್ಯಾಟ್ ಇರುವಾಗ ಮೂರು ಡ್ರೈವರಿಗೇ ಹೋದರೆ? ಬಕ್ ಹಾಕಿದರೆ ಆ ನಷ್ಟ ಮುಕ್ಕಾಲು ವ್ಯಾಟಿನ ಒಳಗೆ. ನಾನು ಐನೂರು ಕೊಟ್ಟದ್ದು ತಂಪಿಗೆ, ಸಮಯಕ್ಕಲ್ಲ. ಶಾಖ ನೋಡಿ ಕರೆಂಟ್ ಇಳಿಸುವ ಥರ್ಮಿಸ್ಟರ್ ಡ್ರೈವರಿನ ಮೇಲೇ ಇದ್ದರೆ ತಡವಾಗಿ ಎಚ್ಚರಾಗಿ ಬೆಳಕು ಏರಿಳಿತ ಶುರು ಮಾಡ್ತದೆ. ನಾನು ಅದನ್ನು ಬೇರೆ ಕಡೆ ತಂದಿದ್ದೀನಿ. ಎಲ್ಲಿ, ಯಾವುದರಿಂದ ಅಂಟಿಸಿದೆ ಅನ್ನೋದನ್ನು ಸದ್ಯಕ್ಕೆ ಬರೆಯೋದಿಲ್ಲ.

ಸೆಲ್ ಒತ್ತುವ ಸ್ಪ್ರಿಂಗಿನಲ್ಲಿ ವೋಲ್ಟ್ ಕಳೆಯದ ಹಾಗೆ ಅದಕ್ಕೆ ಸಿಲಿಕಾನ್ ತಂತಿಯ ಬೈಪಾಸ್ ಹಾಕೋದು ನಿಮಗೆ ಗೊತ್ತೇ ಇದೆ. ಎರಡೂವರೆ ಆಂಪಿಯರಿಗೆ ಅದು ಅಷ್ಟು ಮುಖ್ಯವೂ ಅಲ್ಲ, ಎಂಟಕ್ಕಾದರೆ ಹಾಕದೆ ಬೇರೆ ದಾರಿ ಇಲ್ಲ.

ಫೋಕಸ್ ನನ್ನ ಒಂದು ವಾರ ತಿಂತು. ಗುಮ್ಮಟ ಇಲ್ಲದ ಎಲ್‌ಇಡಿ ತಗ್ಗಿನಲ್ಲಿ ಕೂರ್ತದೆ, ಎಲ್‌ಇಡಿಗೂ ರಿಫ್ಲೆಕ್ಟರಿಗೂ ನಡುವಿನ ಮೊದಲಿನ ಗ್ಯಾಸ್ಕೆಟ್ ಹಾಗೇ ಇಟ್ಟರೆ ಬೆಳಕಿನ ನಡುವೆ ಕಪ್ಪು ತೂತು. ಗ್ಯಾಸ್ಕೆಟನ್ನು ಎಮರಿ ಪೇಪರ್ ಮೇಲೆ ಉಜ್ಜುತ್ತಾ, ಹತ್ತಿಪ್ಪತ್ತು ಮೀಟರ್ ದೂರದ ಗೋಡೆಗೆ ಹಿಡಿಯುತ್ತಾ, ಮತ್ತೆ ಉಜ್ಜುತ್ತಾ ಹೋಗಿ. ನನ್ನ ಕೊನೆ ಅಳತೆ ನನ್ನ ಹತ್ತಿರವೇ ಇರಲಿ, ನಿಮ್ಮ ರಿಫ್ಲೆಕ್ಟರಿಗೆ ಅದು ಹೊಂದೋದೂ ಇಲ್ಲ.

ಅಡ್ಡದಾರಿಯ ಪ್ರಯೋಗಗಳೂ ಆದವು. ಬಿಲ್ಲೆಯ ಹಿಂದೆ ಹನ್ನೆರಡು ಗ್ರಾಂ ಮೇಣ ತುಂಬಿದೆ. ಕರಗುವಾಗ ಗ್ರಾಂಗೆ ಇನ್ನೂರು ಜೂಲಿನಷ್ಟು ನುಂಗ್ತದೆ, ಮೊದಲಿನ 20 ವ್ಯಾಟ್ ಶಾಖಕ್ಕೆ ಕಾಗದದ ಮೇಲೆ ಎರಡು ನಿಮಿಷ ಲಾಭ. ಬಿಚ್ಚಿ ನೋಡಿದರೆ ತಾಮ್ರಕ್ಕೆ ತಾಗಿದ್ದು ಕರಗಿತ್ತು, ಉಳಿದದ್ದು ಗಟ್ಟಿಯೇ. ಮೇಣದೊಳಗೆ ಶಾಖ ನಡೆಯೋದೇ ಇಲ್ಲ. ಆಮೇಲೆ ತೆಳ್ಳನೆ ಹನ್ನೊಂದು ಫಿನ್ ತಿರುವಿಸಿದೆ. ಒಂದೇ ರಾತ್ರಿಗೆ ಎರಿ ಮಣ್ಣು ತುಂಬಿ ಗಟ್ಟಿಯಾಯ್ತು, ಈಗ ಅಗಲದ ಮೂರೇ ಮೂರು. ಕೆಲಸಕ್ಕೆ ಬಂದದ್ದು ಮಾತ್ರ ಬಿಟ್ಟಿಯದು: ಹೊಳೆಯುವ ಅಲ್ಯೂಮಿನಿಯಂ ಮೇಲೆ ತೆಳುವಾಗಿ ಕಪ್ಪು ಮ್ಯಾಟ್ ಪೇಂಟ್. ಹೊಳೆಯುವ ಲೋಹ ಶಾಖ ಸೂಸೋದೇ ಕಡಿಮೆ. ಕಪ್ಪಿಗೆ ತಿರುಗಿದ ಮೇಲೆ ಗಾಳಿಯಿಲ್ಲದ ರೂಮಿನಲ್ಲಿ ನಾಲ್ಕೈದು ಡಿಗ್ರಿ ಇಳೀತು.

ಬಣ್ಣದ ಮಾತು: 6,500 ಕೆಲ್ವಿನ್ ನೀಲಿ ಬಿಳುಪಿಗೆ ಲುಮೆನ್ ಹೆಚ್ಚು, ಗಿರಾಕಿಗೂ ಅದೇ ಇಷ್ಟ. ಆದರೆ ಒಣ ಬದುವಿನ ಮೇಲೆ ಕೊಳಕುಮಂಡಲ ಮಣ್ಣಿನಿಂದ ಬೇರೆಯಾಗಿ ಕಾಣೋದು 5,000ದ ಬೆಳಕಿನಲ್ಲೇ.  ನಾನು ಕೇಳದೆಯೇ 5,000 ಹಾಕಿ ಕೊಡ್ತೀನಿ.

ದುಡ್ಡು, ನೆನಪಿನ ಮೇಲೆ: ಎಲ್‌ಇಡಿ ಬೋರ್ಡು ಸೇರಿ 450, ಡ್ರೈವರ್ 500, ಅಲ್ಯೂಮಿನಿಯಂ ರಾಡು ತಾಮ್ರ ಲೇತು ಕೂಲಿ ಎಲ್ಲ 650, ಗಾಜು ರಿಂಗು ಸ್ವಿಚ್ಚು 200, ಸೆಲ್ 600. ಸೆಲ್ಲಿನಲ್ಲಿ ಮೊದಲು ಎರಡು ಸಾವಿರ ಮುಳುಗಿತು. 18650 ಗಾತ್ರದ ಮೇಲೆ 9,800 ಎಂಎಎಚ್ (ಸೆಲ್ ಹಿಡಿಸೋ ಚಾರ್ಜಿನ ಅಳತೆ) ಅಂತ ಬರೆದದ್ದು ನಂಬಿ ತರಿಸಿದ್ದೆ. ಆ ಗಾತ್ರದಲ್ಲಿ ಅದರ ಅರ್ಧವೂ ಹಿಡಿಸೋದಿಲ್ಲ. ತೂಕಕ್ಕೆ ಹಾಕಿ ನೋಡಿ: ಅಸಲಿ 18650 ಅಂದರೆ 45 ಗ್ರಾಂ ಮೇಲೆ, 21700 ಅಂದರೆ 70ರ ಹತ್ತಿರ. ನನಗೆ ಬಂದವು ಮೂವತ್ತು ತೂಗಲಿಲ್ಲ. ಸುಟ್ಟದ್ದು ಕೆಟ್ಟದ್ದು ಎಲ್ಲ ಸೇರಿ ಹದಿನಾಲ್ಕು ಸಾವಿರ ಹೋಗಿದೆ. ಈಗ 3,200ಕ್ಕೆ ಕೊಡ್ತೀನಿ, ಚೌಕಾಶಿ ಇಲ್ಲ. ಐದು ಸಾವಿರ ಎಂಎಎಚ್ ಸೆಲ್ಲಿನಲ್ಲಿ ಎರಡು ತಾಸು ದಾಟ್ತದೆ, ಹೊಲದಲ್ಲಿ ಮೈ 52 ಡಿಗ್ರಿ ಮೇಲೆ ಹೋದದ್ದು ನೋಡಿಲ್ಲ.

ಬಗೆಹರಿಯದ್ದು ಒಂದೇ, ಬಾಲದ ಸ್ವಿಚ್ಚಿನ ರಬ್ಬರ್ ಟೊಪ್ಪಿಗೆ. ಬೆಳೆಗೆ ಔಷಧಿ ಹೊಡೆಯುವ ಕೈಯಲ್ಲೇ ಒತ್ತಿ ಒತ್ತಿ ಒಂದು ಬೆಳೆಗೆ ಬಿರಿದು ಬಿಡ್ತದೆ, ಆಮೇಲೆ ಕೆಸರು ಒಳಗೆ. ಸದ್ಯ ಹಳೇ ಟ್ರ್ಯಾಕ್ಟರ್ ಟ್ಯೂಬಿನ ಬಿಲ್ಲೆ ಕತ್ತರಿಸಿ ಮೇಲೆ ಕೂರಿಸಿದ್ದೀನಿ. ನೀರು ನಿಂತಿದೆ, ಆದರೆ ಒತ್ತಲಿಕ್ಕೆ ಹೆಬ್ಬೆರಳು ನೋಯ್ತದೆ.