ಸೋರುವ ಬಾಡಿಗೆ ತಬೇಲಾ: ನಾನು ಮೊದಲು ಸರಿ ಮಾಡಿದ್ದು ನೆಲ

ಮುಂಬೈ ಹತ್ತಿರದ ವಸಯಿ ಕಡೆ ನಾನು ನಡೆಸುವ ತಬೇಲಾ, ಅಂದರೆ ಹಾಲಿನ ಎಮ್ಮೆಗಳ ಕೊಟ್ಟಿಗೆ, ಬಾಡಿಗೆಯದು. ಹನ್ನೆರಡು ಎಮ್ಮೆ. ಕಟ್ಟಡ ಎಷ್ಟು ಹಳೆಯದೋ ಮಾಲೀಕರಿಗೇ ಗೊತ್ತಿಲ್ಲ. ಹೋದ ಮಳೆಗಾಲದಲ್ಲಿ ಶೀಟು ಸೋರಿ, ನೆಲದ ಗುಂಡಿಗಳಲ್ಲಿ ನೀರು, ಗಂಜಲ ಎಲ್ಲ ನಿಂತು, ಮೂರು ಎಮ್ಮೆಗಳಿಗೆ ಕೆಚ್ಚಲು ಬಾವು ಬಂತು. ನಾನೋ ಸುಮ್ನೆ ಚಾವಣಿ ವಿಷಯಕ್ಕೆ ಮಾಲೀಕರ ಜೊತೆ ಜಗಳ ಆಡುತ್ತಾ ಕೂತಿದ್ದೆ. ಡಾಕ್ಟರು ಬಂದವರೇ ಮೊದಲು ನೆಲ ನೋಡಿದರು. ಕೊಳಕು ನೆಲದಲ್ಲಿ ಮಲಗಿದರೆ ಮೊಲೆತೊಟ್ಟಿನ ತೂತಿನಿಂದ ರೋಗಾಣು ಒಳಗೆ ಹೋಗುತ್ತದೆ, ಔಷಧಿ ಕೊಟ್ಟರೂ ಮತ್ತೆ ಬರಬಹುದು ಎಂದರು.

ಮಳೆ ನಿಂತ ಮೇಲೆ ಅರ್ಧರ್ಧ ಭಾಗವಾಗಿ ನೆಲ ಕಿತ್ತೆ. ಚರಂಡಿ ಕಡೆಗೆ 10 ಅಡಿಗೆ 2 ಇಂಚು ಇಳಿಜಾರು ಕೊಟ್ಟು ಕಾಂಕ್ರೀಟು ಹಾಕಿಸಿದೆ. ಮೇಸ್ತ್ರಿ ಕನ್ನಡಿಯಂತೆ ನುಣುಪು ಮಾಡಲು ಹೊರಟಿದ್ದ! ತಡೆದೆ. ಎಮ್ಮೆ ಜಾರಿ ಬಿದ್ದರೆ ಕಥೆ ಮುಗಿಯಿತು, ಅಲ್ವಾ? ಹಸಿ ಇರುವಾಗಲೇ ಗಟ್ಟಿ ಪೊರಕೆ ಎಳೆದು ಗೀರು ಹಾಕಿಸಿದೆ. ಏಳು ದಿನ ನೀರು ಹೊಡೆದೆ.

ಚಾವಣಿಯದು ಹಳೆ ಆಸ್ಬೆಸ್ಟಾಸ್ ಶೀಟು. ಅದನ್ನು ಕೊರೆಯಬೇಡಿ, ಒಡೆಯಬೇಡಿ, ದೂಳು ಶ್ವಾಸಕೋಶಕ್ಕೆ ಅಪಾಯ. ಮೇಲೆ ಹತ್ತಿದರೆ ಮುರಿದು ಬೀಳುತ್ತೀರಿ. ನಾನು ಅದನ್ನು ಮುಟ್ಟದೆ, ಪಕ್ಕದಿಂದ ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ತಾಡಪತ್ರಿ ಕಟ್ಟಿಸಿದೆ.

ದುಡ್ಡು? ಕೆಲಸಕ್ಕೆ ಮುಂಚೆ ಫೋಟೋ ತೆಗೆದು, ಖರ್ಚನ್ನು ಬಾಡಿಗೆಯಲ್ಲಿ ತಿಂಗಳು ತಿಂಗಳು ಕಳೆಯುವುದಾಗಿ ಮಾಲೀಕರಿಂದ ಬರೆಸಿಕೊಂಡೆ. ಅದಕ್ಕೂ ಮುಂಚೆ ಬಾಯಿಮಾತು ನಂಬಿ ಎರಡು ವರ್ಷ ಕಾದಿದ್ದೆ, ಬಂದದ್ದು ಬರೀ ಚಹಾ.