ಓವರ್‌ಫ್ಲೋ ಬಾಕ್ಸಿಗೆ ಸಣ್ಣ ಮೀನು ಹೋಗದಂಗೆ ಜಾಲರಿ ಕಟ್ಟಿದ್ದು: ನನ್ನ ಅನುಭವ

ಅಕ್ವೇರಿಯಂ ಕೆಳಗೆ ಸಂಪ್ (ಫಿಲ್ಟರ್, ಪಂಪ್ ಇರೋ ಇನ್ನೊಂದು ತೊಟ್ಟಿ) ಇಟ್ಟು ಮೇಲೆ ಸಣ್ಣ ಮೀನು ಸಾಕೋರಿಗೆಲ್ಲ ಈ ತಲೆನೋವು ಗೊತ್ತಿರತ್ತೆ. ಗುಂಪಲ್ಲಿ ಒಂದೆರಡು ಮೀನು ಕಮ್ಮಿ ಅನ್ಸತ್ತೆ, ಗಿಡದ ಸಂದೀಲಿ ಹುಡುಕಿದ್ರೆ ಸತ್ತಿದ್ದೂ ಸಿಗಲ್ಲ, ಆಮೇಲೆ ಸಂಪಿಗೆ ಬೀಳೋ ನೀರು ಸೋಸೋ ಬಲೆ ಚೀಲ, ಅಂದ್ರೆ ಫಿಲ್ಟರ್ ಸಾಕ್ಸ್, ತೊಳೆಯಕ್ಕೆ ಅಂತ ತೆಗೆದ್ರೆ ಕೊಳೆ ಮಧ್ಯೆ ಕೆಂಪಗೆ ಏನೋ ಮಿಂಚತ್ತೆ. ಹಂಗಾಗಿ ನಾನಂತೂ ಸಾಕ್ಸನ್ನ ಸೀದಾ ನಲ್ಲಿ ಕೆಳಗೆ ಹಿಡಿಯಲ್ಲ, ಮೊದಲು ಟ್ಯಾಂಕ್ ನೀರು ತುಂಬಿದ ಬಕೆಟಲ್ಲಿ ಒಳಗು ಹೊರಗು ಮಾಡಿ ಮೆಲ್ಲಗೆ ಅಲ್ಲಾಡಿಸಿ ನೋಡ್ತೀನಿ. ಬಹಳ ಸಲ ಮೀನು ಬದುಕೇ ಇರತ್ತೆ, ಆದ್ರೆ ಪೈಪಲ್ಲಿ ಅಷ್ಟು ಎತ್ತರದಿಂದ ಬಿದ್ದು ಬಲೆಗೆ ಒತ್ಕೊಂಡಿರೋ ಮೀನಿಗೆ ರೆಕ್ಕೆ ಹರಿದಿರತ್ತೆ, ನೋಡಕ್ಕಾಗಲ್ಲ.

ನಂದು ಬೆಂಗಳೂರಲ್ಲಿ ಫ್ಲಾಟಲ್ಲಿರೋ ಮೂರಡಿ ಪ್ಲಾಂಟೆಡ್ ಟ್ಯಾಂಕ್. 90 ಸೆಂ.ಮೀ ಉದ್ದ, 45 ಅಗಲ, 45 ಎತ್ತರ. ಹಿಂದಿನ ಗಾಜಿಗೆ ಅಂಟಿಕೊಂಡಂಗೆ ಮಧ್ಯದಲ್ಲಿ ಓವರ್‌ಫ್ಲೋ ಬಾಕ್ಸ್ (ಟ್ಯಾಂಕಿನ ಮೇಲಿನ ನೀರು ಇದರೊಳಗೆ ಬಿದ್ದು ಪೈಪಲ್ಲಿ ಸಂಪಿಗೆ ಇಳಿಯತ್ತೆ), ಅದರ ಮೇಲಂಚಿಗೆ ಬಾಚಣಿಗೆ ಥರ ಹಲ್ಲು, ಹಲ್ಲಿನ ಸಂದು 6 ಮಿ.ಮೀ. ಮೀನು ಚಿಲ್ಲಿ ರಾಸ್ಬೋರಾ ಮತ್ತೆ ಎಂಬರ್ ಟೆಟ್ರಾ. ಚಿಲ್ಲಿ ರಾಸ್ಬೋರಾ ಬೋರ್ನಿಯೋದ ಕಪ್ಪು ನೀರಿನ ಜೌಗಿಂದ ಬಂದಿರೋ ಮೀನು, ಪೂರ್ತಿ ಬೆಳೆದ್ರೂ 2 ಸೆಂ.ಮೀ ಆಸುಪಾಸು ಅಷ್ಟೇ, ಅದಕ್ಕೆ 6 ಮಿ.ಮೀ ಸಂದು ಅಂದ್ರೆ ತೆರೆದ ಬಾಗಿಲೇ. ಈ ಹಲ್ಲು ಮಾಡಿರೋದು ದೊಡ್ಡ ಮೀನಿನ ಲೆಕ್ಕದಲ್ಲಿ.

ಹಂಗಾದ್ರೆ ಹಲ್ಲಿಗೇ ಸಣ್ಣ ಬಲೆ ಅಂಟಿಸಿಬಿಟ್ರೆ ಆಯ್ತಲ್ಲ ಅಂತ ಎಲ್ಲರಿಗೂ ಮೊದಲು ಹೊಳೆಯೋದು ಅದೇ, ಅಂಗಡಿಯವರೂ ಅದನ್ನೇ ಹೇಳ್ತಾರೆ. ನಾನು ಒಪ್ಪಲ್ಲ. ಬಲೆ ಅಂಟಿಸಿದ್ರೆ ಮೀನು ಒಳಗೆ ಹೋಗಲ್ಲ ನಿಜ, ಆದ್ರೆ ಬಲೆಗೆ ಒತ್ಕೊಂಡು ಅಲ್ಲೇ ಸಾಯತ್ತೆ. ಸಮಸ್ಯೆ ಬರೀ ತೂತಿನ ಸೈಜಲ್ಲ, ನೀರಿನ ಸೆಳೆತ.

ಲೆಕ್ಕ ಹಾಕಿ ನೋಡೋಣ. ನನ್ನ ಪಂಪ್ ಡಬ್ಬಿ ಮೇಲೆ ಏನೇ ಬರೆದಿರಲಿ, ಅಷ್ಟು ಎತ್ತರಕ್ಕೆ ಎತ್ತಿ ಕೊಡೋದು ಗಂಟೆಗೆ 1200 ಲೀಟರ್ ಹತ್ರ, ಒಂದು ಅಳತೆ ಬಕೆಟ್ ಮತ್ತೆ ಫೋನಿನ ಸ್ಟಾಪ್‌ವಾಚ್ ಇದ್ರೆ ಯಾರು ಬೇಕಾದ್ರೂ ಅಳೀಬಹುದು. ಅಂದ್ರೆ ಸೆಕೆಂಡಿಗೆ ಸುಮಾರು 333 ಮಿ.ಲೀ. ಮೂರೂ ಕಡೆ ಸೇರಿ ಹಲ್ಲಿನ ಸಾಲು 30 ಸೆಂ.ಮೀ, ಅದರಲ್ಲಿ ಅರ್ಧ ಹಲ್ಲೇ ತಿನ್ನತ್ತೆ, ಉಳಿದ 15 ಸೆಂ.ಮೀಲಿ ನೀರು ಒಂದು ಸೆಂ.ಮೀಗಿಂತ ಚೂರು ಜಾಸ್ತಿ ಎತ್ತರದಲ್ಲಿ ಹರೀತಿದೆ. ಅಂದ್ರೆ ಹೆಚ್ಚುಕಮ್ಮಿ 17 ಚದರ ಸೆಂ.ಮೀ ಜಾಗದಲ್ಲಿ ಅಷ್ಟೂ ನೀರು ನುಗ್ಗಬೇಕು, ವೇಗ ಸೆಕೆಂಡಿಗೆ 20 ಸೆಂ.ಮೀ. ಒಂದೂವರೆ ಸೆಂ.ಮೀ ಮೀನಿಗೆ ಅದು ತನ್ನ ಮೈಯುದ್ದದ ಹನ್ನೆರಡು ಹದಿಮೂರು ಪಟ್ಟು, ಒಂದು ಕ್ಷಣ ತಪ್ಪಿಸ್ಕೊಂಡು ಓಡಬಹುದೇ ಹೊರತು ರಾತ್ರಿ ಕತ್ತಲಲ್ಲಿ ಅರೆನಿದ್ದೇಲಿ ತೇಲ್ಕೊಂಡು ಹತ್ರ ಬಂದ್ರೆ ಮುಗೀತು. ಅದಕ್ಕೇ ಬಹಳಷ್ಟು ಮೀನು ಬೆಳಗ್ಗೆ ನೋಡೋ ಹೊತ್ತಿಗೇ ಮಾಯ ಆಗಿರೋದು. ಹಲ್ಲಿನ ಮೇಲೆ ಬಲೆ ಅಂಟಿಸಿದ್ರೆ ಜಾಗ ಇನ್ನೂ ಕಮ್ಮಿ ಆಗತ್ತೆ, ಗಿಡಕ್ಕೆ ನೀರು ಹಾಕೋ ಪೈಪ್ ಬಾಯಿಗೆ ಬೆರಳು ಒತ್ತಿದಂಗೆ ಅಲ್ಲಿ ಸೆಳೆತ ಜೋರಾಗತ್ತೆ.

ಅದಕ್ಕೆ ನಾನು ಮಾಡಿದ್ದು, ಬಾಕ್ಸಿನ ಸುತ್ತ ನಾಲ್ಕೈದು ಸೆಂ.ಮೀ ದೂರ ಬಿಟ್ಟು ಯು ಆಕಾರದಲ್ಲಿ ಒಂದು ಜಾಲರಿ ಬೇಲಿ. ಉದ್ದ 45 ಸೆಂ.ಮೀ, ನೀರೊಳಗೆ 20 ಸೆಂ.ಮೀ ಆಳ, ತಳಕ್ಕೂ ಅದೇ ಜಾಲರಿ ಮುಚ್ಚಿದೆ. ಈಗ ನೀರು ಬರೋ ಜಾಗ 900 ಚದರ ಸೆಂ.ಮೀ, ಅದರಲ್ಲಿ ತೂತಿನ ಪಾಲು ನೂರಕ್ಕೆ ನಲವತ್ತು ಅಂತ ಹಿಡಿದ್ರೂ ತೂತಲ್ಲಿ ವೇಗ ಸೆಕೆಂಡಿಗೆ ಒಂದು ಸೆಂ.ಮೀ ಆಸುಪಾಸಿಗೆ ಇಳೀತು. ರಾಸ್ಬೋರಾ ಈಗ ಜಾಲರಿಗೆ ಮೂತಿ ತಾಗಿಸಿ ಪಾಚಿ ಕುಟುಕ್ತಾ ನಿಲ್ಲತ್ತೆ, ಬಾಲ ಒಂದು ಸಲ ಅಲ್ಲಾಡಿಸಿ ಆರಾಮಾಗಿ ತಿರುಗಿ ಹೋಗತ್ತೆ, ಅದನ್ನ ನೋಡ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಆ ನಾಲ್ಕೈದು ಸೆಂ.ಮೀ ಅಂತರ ಮಾತ್ರ ಉಳಿಸ್ಕೊಳ್ಳಲೇಬೇಕು, ಬೇಲಿ ತೀರಾ ಹತ್ರ ಬಂದ್ರೆ ನೀರು ಮೇಲುಗಡೆಯಿಂದಾನೇ ಎಳ್ಕೊಳತ್ತೆ, ಕೆಳಗಿನ ಜಾಲರಿ ಇದ್ದೂ ಪ್ರಯೋಜನ ಇಲ್ಲ.

ಜಾಲರಿಗೆ ನಾನು ಹಾಕಿರೋದು ಕಸೂತಿ ಮಾಡೋರು ತಗೊಳೋ ಪ್ಲಾಸ್ಟಿಕ್ ಕ್ಯಾನ್ವಾಸ್, ಕಪ್ಪು ಬಣ್ಣದ್ದು, ಇಂಚಿಗೆ 7 ತೂತು ಬರೋದು. ಗಟ್ಟಿ ಇರತ್ತೆ, ಕತ್ತರೀಲಿ ಕತ್ತರಿಸಬಹುದು, ಕಪ್ಪಾದ್ರಿಂದ ಗಿಡದ ಹಿಂದೆ ಕಾಣೋದೂ ಇಲ್ಲ. ಮೂಲೆಗಳನ್ನ ನೈಲಾನ್ ದಾರದಲ್ಲಿ ಹೊಲಿದು ಗಂಟಿಗೆ ಒಂದೊಂದು ಹನಿ ಸೂಪರ್ ಗ್ಲೂ ಬಿಟ್ಟೆ, ಅದು ಗಟ್ಟಿಯಾದ್ಮೇಲೆ ಮೀನಿಗೆ ತೊಂದ್ರೆ ಇಲ್ಲ, ಗಿಡ ಅಂಟಿಸೋದೂ ಅದರಲ್ಲೇ ತಾನೆ. ಹಿಂದಿನ ಗಾಜಿಗೆ ಎರಡು ಅಕ್ರಿಲಿಕ್ ಪಟ್ಟಿ ಹಳಿ ಥರ ಸಿಲಿಕಾನಲ್ಲಿ ಅಂಟಿಸಿದ್ದೀನಿ, ಬೇಲಿ ಮೇಲಿಂದ ಜಾರಿಸಿ ಇಳಿಸೋದು, ಬೇಕಾದಾಗ ಎತ್ತೋದು. ಸಿಲಿಕಾನ್ ಫಂಗಸ್ ತಡೆಯೋ ಔಷಧಿ ಸೇರಿಸಿದ್ದು ಬೇಡ, ಬಾತ್‌ರೂಮಿಗೆ ಮಾರೋದರಲ್ಲಿ ಸಾಮಾನ್ಯವಾಗಿ ಅದು ಇರತ್ತೆ. ಹಂಗೇ ಕಿಟಕಿಗೆ ಹಾಕೋ ಜಿಐ ಮೆಷ್ (ಜಿಂಕ್ ಲೇಪದ ಕಬ್ಬಿಣದ ಜಾಲರಿ) ಕೂಡ ಬೇಡ, ಅದರ ಜಿಂಕ್ ನೀರಿಗೆ ಬಿಟ್ಕೊಂಡ್ರೆ ಶ್ರಿಂಪ್ ಉಳಿಯಲ್ಲ.

ಈಗ ನೆಲಕ್ಕೆ ನೀರು ಚೆಲ್ಲದಂಗೆ ನೋಡ್ಕೊಳೋ ಮಾತು, ಇದು ಮೀನಿನಷ್ಟೇ ಮುಖ್ಯ. ಜಾಲರಿ ಅಂದ್ಮೇಲೆ ಒಂದಲ್ಲ ಒಂದಿನ ಕಟ್ಕೊಳತ್ತೆ, ಕೊಳೆತ ಎಲೆ, ಸಾಲ್ವಿನಿಯಾ ಅನ್ನೋ ತೇಲೋ ಗಿಡ, ಪಾಚಿ ಎಲ್ಲ ಬಂದು ಮೆತ್ಕೊಳತ್ತೆ, ಆಗ ಟ್ಯಾಂಕ್ ನೀರು ಏರತ್ತೆ. ಹಂಗಾಗಿ ಬೇಲಿಯ ಮೇಲಂಚು ಟ್ಯಾಂಕ್ ಗಾಜಿನ ಅಂಚಿಗಿಂತ 2 ಸೆಂ.ಮೀ ಕೆಳಗೇ ಇರಬೇಕು, ಪೂರ್ತಿ ಕಟ್ಕೊಂಡ್ರೂ ನೀರು ಬೇಲಿ ಹಾರಿ ಬಾಕ್ಸಿಗೇ ಬೀಳತ್ತೆ, ಹಾಲ್‌ಗಲ್ಲ. ಇದರ ಜೊತೆಗೆ ಇನ್ನೊಂದು ಭದ್ರತೆ, ನನ್ನ ಟ್ಯಾಂಕಲ್ಲಿ ಒಂದು ಸೆಂ.ಮೀ ನೀರು ಅಂದ್ರೆ 4 ಲೀಟರ್ ಆಗತ್ತೆ, ಪಂಪ್ ಕೂತಿರೋ ಖಾನೇಲಿ ಪಂಪ್ ಎಳೆಯೋಕಾಗೋ ನೀರು 10 ಲೀಟರ್ ಇಟ್ಟಿದ್ದೀನಿ, ಅಂದ್ರೆ ಮೇಲೆ ಎರಡೂವರೆ ಸೆಂ.ಮೀ ಏರೋ ಹೊತ್ತಿಗೆ ಕೆಳಗೆ ನೀರೇ ಇರಲ್ಲ, ಪಂಪ್ ಗಾಳಿ ಎಳ್ಕೊಂಡು ಗೊರಗೊರ ಸದ್ದು ಮಾಡತ್ತೆ, ಆ ಸದ್ದಿಗೆ ಮನೇಲಿ ಯಾರಾದ್ರೂ ಎದ್ದು ಬರ್ತಾರೆ. ಆಟೋ ಟಾಪ್ ಅಪ್ (ಸಂಪಲ್ಲಿ ನೀರು ಇಳಿದಾಗ ತಾನೇ ತುಂಬೋ ವ್ಯವಸ್ಥೆ) ಇಟ್ಟಿರೋರು ಅದರ ಡಬ್ಬಾನೂ ಚಿಕ್ಕದೇ ಇಡಿ, ಇಲ್ಲಾಂದ್ರೆ ಈ ಲೆಕ್ಕ ಎಲ್ಲ ತಲೆಕೆಳಗಾಗತ್ತೆ.

ಬಾಕ್ಸ್ ಒಳಗೆ ಎರಡು ಪೈಪಿದೆ, ಒಂದು ಗೇಟ್ ವಾಲ್ವ್ ಹಾಕಿ ಪೂರ್ತಿ ಸೈಫನಲ್ಲಿ, ಅಂದ್ರೆ ಗಾಳಿ ಸೇರದಂಗೆ ನೀರು ತುಂಬ್ಕೊಂಡೇ ಓಡೋದು, ಇನ್ನೊಂದು ಸ್ವಲ್ಪ ಎತ್ತರದ ಎಮರ್ಜೆನ್ಸಿ ಪೈಪ್. ಮೊದಲನೇದಕ್ಕೆ ದೊಡ್ಡ ತೂತಿನ ಸ್ಟ್ರೇನರ್ ಇದೆ, ಅದು ಮೀನಿಗಲ್ಲ, ಬಸವನಹುಳಕ್ಕೆ, ಒಂದು ಹುಳ ವಾಲ್ವಿನ ಸಂದೀಲಿ ಸಿಕ್ಕಾಕ್ಕೊಂಡ್ರೂ ಬಾಕ್ಸಲ್ಲಿ ನೀರು ಏರಕ್ಕೆ ಶುರುವಾಗತ್ತೆ. ಎಮರ್ಜೆನ್ಸಿ ಪೈಪಿನ ಬಾಯಿಗೆ ಮಾತ್ರ ಬಲೆ, ಸ್ಪಂಜು, ಏನೂ ಹಾಕಬೇಡಿ. ಅದು ಖಾಲಿ ಇರಬೇಕಾಗಿದ್ದೇ ಅದರ ಕೆಲಸ.

ಬೇಲಿ ಕೂರಿಸಿದ ದಿನವೇ ಪಂಪ್ ಆಫ್ ಮಾಡಿ ಸಂಪಿಗೆ ಎಷ್ಟು ನೀರು ಇಳಿಯತ್ತೆ ಅಂತ ನೋಡಿ, ಕರೆಂಟ್ ಹೋದಾಗ ಆಗೋದು ಅದೇ. ಆಮೇಲೆ ಬೇಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಪಂಪ್ ಓಡಿಸಿ ಪಕ್ಕದಲ್ಲೇ ಕೂತು ನೀರು ಎಲ್ಲೀವರೆಗೂ ಏರತ್ತೆ ನೋಡಿ, ಕಟ್ಕೊಂಡಾಗ ಏನಾಗತ್ತೆ ಅಂತ ಕಣ್ಣಾರೆ ಕಾಣತ್ತೆ.

ಮೇಲ್ಮೈಲೇ ಓಡಾಡೋ, ಜಿಗಿಯೋ ಮೀನು ಸಾಕೋರಿಗೆ ಬೇಲಿ ಒಂದೇ ಸಾಲಲ್ಲ. ನಮ್ಮ ಪಶ್ಚಿಮ ಘಟ್ಟದ ಹಳ್ಳ, ಗದ್ದೆ ಕಾಲುವೇಲಿ ಸಿಗೋ ಪ್ಯಾಂಚಾಕ್ಸ್ ಕಿಲ್ಲಿ ಇದ್ಯಲ್ಲ, ನೆತ್ತಿ ಮೇಲೆ ಬಿಳಿ ಚುಕ್ಕಿ ಇರೋದು, ಅದು ಬೇಲಿ ಹಾರತ್ತೆ. ಅದಕ್ಕೆ ಬೇಲಿಯಿಂದ ಬಾಕ್ಸಿನವರೆಗೂ ಮುಚ್ಚೋ ಅಕ್ರಿಲಿಕ್ ತುಂಡು ಬೇಕು, ಆದ್ರೆ ಅಂಚಲ್ಲಿ ಸಂದು ಬಿಡಿ, ಏರಿದ ನೀರಿಗೆ ದಾರಿ ಬೇಕಲ್ಲ. ಗಪ್ಪಿ ಮರಿಗೆ 7 ಕೌಂಟ್ ಕ್ಯಾನ್ವಾಸ್ ದೊಡ್ಡದಾಯ್ತು, ಫೈಬರ್ ಸೊಳ್ಳೆ ಮೆಷ್ ಹಾಕಬೇಕು, ಅದು ಬೇಗ ಕಟ್ಕೊಳತ್ತೆ, ಎರಡು ಮೂರು ದಿನಕ್ಕೊಮ್ಮೆ ಉಜ್ಜಕ್ಕೆ ಆಗದವರು ಬೇಲಿ ಇನ್ನೂ ಆಳಕ್ಕೆ ಇಳಿಸಿ ಜಾಗ ಜಾಸ್ತಿ ಮಾಡ್ಕೊಳಿ. ಶ್ರಿಂಪ್ ಮರಿ ವಿಷಯದಲ್ಲಿ ನಾನು ತಡೆಯಕ್ಕೆ ಹೋಗಿಲ್ಲ, ಸಂಪಲ್ಲಿ ಜಾವಾ ಮಾಸ್ ಹಾಕಿ ಸಣ್ಣ ಲೈಟ್ ಬಿಟ್ಟಿದ್ದೀನಿ, ಸಾಕ್ಸ್ ದಾಟಿ ಹೋದವು ಅಲ್ಲೇ ಬೆಳೀತವೆ, ದೊಡ್ಡದಾದ್ಮೇಲೆ ಹಿಡಿದು ಮೇಲಕ್ಕೆ ಬಿಡ್ತೀನಿ.

ಕ್ಲೀನಿಂಗಿಗೆ ಅದೇ ಅಳತೇದು ಎರಡು ಬೇಲಿ ಮಾಡ್ಕೊಂಡಿದ್ದೀನಿ. ವಾರಕ್ಕೊಮ್ಮೆ ನೀರು ಬದಲಾಯಿಸುವಾಗ ಪಂಪ್ ಆಫ್ ಮಾಡಿ ಒಂದನ್ನ ಎತ್ತಿ ಇನ್ನೊಂದು ಇಳಿಸೋದು, ಎತ್ತಿದ್ದನ್ನ ಬಾಲ್ಕನಿ ಬಿಸಿಲಿಗೆ ಇಟ್ರೆ ಪಾಚಿ ಒಣಗಿ ಹಳೇ ಟೂತ್‌ಬ್ರಷಿಗೆ ಉದುರಿ ಹೋಗತ್ತೆ. ಬೋರ್ ನೀರು ಹಾಕೋರಿಗೆ ನೀರಿನ ಗೆರೆ ಹತ್ರ ಬಿಳಿ ಸುಣ್ಣ ಕಟ್ಟಿ ತೂತು ಮುಚ್ತಾ ಬರತ್ತೆ, ಅದು ಬ್ರಷಿಗೆ ಬರಲ್ಲ, ವಿನಿಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿ ಚೆನ್ನಾಗಿ ತೊಳೆದು ಹಾಕಿ.