ಗುದ್ದು ಬಿದ್ದು ಕಪ್ಪುಗಟ್ಟಿದೆಯಾ? ಮತ್ತೆ ಗ್ಲೌಸ್ ಹಾಕುವ ಮುನ್ನ ಹೀಗೆ ಮಾಡಿ

ಬಾಕ್ಸಿಂಗ್‌ನಲ್ಲಿ ಸ್ಪಾರಿಂಗ್ (ಜೊತೆಗಾರರೊಡನೆ ಅಭ್ಯಾಸದ ಗುದ್ದಾಟ) ಮುಗಿಸಿ ಗ್ಲೌಸ್ ಬಿಚ್ಚುವಾಗ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಕನ್ನಡಿ ನೋಡಿದರೆ ಕಣ್ಣ ಕೆಳಗೆ ಊತ, ಸುತ್ತಲೂ ಕಪ್ಪು. ಚರ್ಮ ಹರಿಯದೆ ಒಳಗಿನ ಸಣ್ಣ ರಕ್ತನಾಳಗಳು ಒಡೆದು, ಸೋರಿದ ರಕ್ತ ಅಲ್ಲೇ ನಿಂತಿರುತ್ತದೆ. ಕಣ್ಣ ಸುತ್ತಲ ಚರ್ಮ ತೆಳು, ಸಡಿಲ. ಅದಕ್ಕೇ ಅಲ್ಲಿ ಊತ ಜಾಸ್ತಿ.

ಮೊದಲ ಕೆಲಸ ತಣ್ಣಗೆ ಮಾಡುವುದು. ಐಸ್ ತುಂಡುಗಳನ್ನು ತೆಳು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ, 2 ದಿನ ಹೀಗೇ ಮಾಡಿ. ಬರೀ ಐಸ್ ಚರ್ಮಕ್ಕೆ ತಾಗಬಾರದು. ಕಣ್ಣುಗುಡ್ಡೆಯ ಮೇಲಂತೂ ಒತ್ತಲೇಬಾರದು. ವೃತ್ತಿಪರರ ಪಂದ್ಯ ನೋಡುವಾಗ ಗಮನಿಸಿ: ರೌಂಡ್‌ಗಳ ನಡುವಿನ ಒಂದು ನಿಮಿಷದಲ್ಲಿ ಕಟ್‌ಮ್ಯಾನ್ (ಬಾಕ್ಸರ್‌ನ ಗಾಯ, ಊತ ನೋಡಿಕೊಳ್ಳುವವರು) ಪುಟ್ಟ ಲೋಹದ ತುಂಡೊಂದನ್ನು ಕಣ್ಣ ಕೆಳಗೆ ಇಡುತ್ತಾರೆ. ಐಸ್‌ನಲ್ಲಿ ತಣ್ಣಗಾದ ಎನ್‌ಸ್ವೆಲ್ ಅದು. ಒಳ್ಳೆಯ ಕಟ್‌ಮ್ಯಾನ್ ಅದರಿಂದ ಊತವನ್ನು ತಿಕ್ಕುವುದಿಲ್ಲ, ಸುಮ್ನೆ ಒತ್ತಿ ಹಿಡಿಯುತ್ತಾರೆ.

ಮನೆಯಲ್ಲಿ ಹಿರಿಯರು ಎಣ್ಣೆ ಹಚ್ಚಿ ತಿಕ್ಕು, ಉಪ್ಪಿನ ಶಾಖ ಕೊಡು ಅನ್ನುತ್ತಾರೆ. ಪ್ರೀತಿಯ ಮಾತೇ, ಆದರೆ ಮೊದಲ 2 ದಿನ ಎರಡೂ ಬೇಡ. ಒಡೆದ ನಾಳ ಮುಚ್ಚಿಕೊಳ್ಳುವ ಮೊದಲೇ ಬಿಸಿ ತಾಗಿದರೆ ಊತ ಇನ್ನೂ ಏರುತ್ತದೆ. ಮೂರನೇ ದಿನದಿಂದ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ನೀವಾಗಿಯೇ ನುಂಗಬೇಡಿ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ರಾತ್ರಿ ತಲೆಗೆ ಎರಡು ದಿಂಬು ಇರಲಿ.

ಇನ್ನು ಬಣ್ಣದ ಲೆಕ್ಕ. ಮೊದಲು ಕೆಂಪು, ಒಂದೆರಡು ದಿನಕ್ಕೆ ನೀಲಿ ಕಪ್ಪು, ಸುಮಾರು ವಾರಕ್ಕೆ ಹಸಿರು, ಆಮೇಲೆ ಹಳದಿ. ನಿಂತ ರಕ್ತದ ಹಿಮೋಗ್ಲೋಬಿನ್ ಅನ್ನು ದೇಹ ಒಡೆದು ಹೊರಹಾಕುತ್ತಿದೆ ಎಂದರ್ಥ. ಸಾಮಾನ್ಯವಾಗಿ 2 ವಾರದಲ್ಲಿ ಎಲ್ಲ ಮಾಯುತ್ತದೆ. ಕಪ್ಪು ಕೆನ್ನೆಗೆ ಇಳಿದು ಬಂದರೆ ಗಾಬರಿ ಬೇಡ, ರಕ್ತ ಕೆಳಗೆ ಜಾರುವುದು ಸಹಜ. ಆದರೆ ನಮ್ಮ ಕಂದು ಮೈಬಣ್ಣದಲ್ಲಿ ಈ ಹಸಿರು, ಹಳದಿ ಸರಿಯಾಗಿ ಕಾಣುವುದೇ ಇಲ್ಲ, ಅಲ್ವಾ? ಹಾಗಾಗಿ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಗಟ್ಟಿ ಗಂಟು, ಬಿಸಿ, ಚುಳುಕ್ ಎನ್ನುವ ನೋವು ಇದ್ದರೆ ಇನ್ನೂ ವಾಸಿಯಾಗಿಲ್ಲ. ಆ ಜಾಗಕ್ಕೆ ಮತ್ತೊಂದು ಗುದ್ದು ಬೀಳಲು ಬಿಡಬೇಡಿ.

ಪಕ್ಕೆಲುಬಿನ ಪೆಟ್ಟಿಗೆ ಈ ಲೆಕ್ಕ ಹೊಂದುವುದಿಲ್ಲ. ಚರ್ಮ ತಿಳಿಯಾದರೂ ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗ ನೋವು 4ರಿಂದ 6 ವಾರ ಇರಬಹುದು. ಕಿರುಬೆರಳಿನ ಗೆಣ್ಣು ಊದಿ ಒಳಗೆ ಕುಸಿದಂತಿದ್ದರೆ ಎಕ್ಸ್‌ರೇ ಮಾಡಿಸಿ. ಬಾಕ್ಸರ್‌ಗಳಿಗೆ ಅಲ್ಲಿ ಮೂಳೆ ಮುರಿಯುವುದು ಮಾಮೂಲು.

ನೋವು ಪೂರ್ತಿ ಹೋದ ಮೇಲೆ ಮೊದಲು ಸ್ಕಿಪ್ಪಿಂಗ್, ಆಮೇಲೆ ಪಂಚಿಂಗ್ ಬ್ಯಾಗ್, ಕೊನೆಗೆ ಸ್ಪಾರಿಂಗ್. ತಲೆ ಅಲುಗಿದ ಪೆಟ್ಟಾದರೆ ಮುಖದ ಕಲೆ ನೋಡಿ ತೀರ್ಮಾನಿಸಲೇಬೇಡಿ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಯ ಪೆಟ್ಟಿಗೆ ನಾಕ್‌ಔಟ್ ಆದವರಿಗೆ ಕನಿಷ್ಠ 30 ದಿನ ಬಾಕ್ಸಿಂಗ್ ಬಂದ್, ಸ್ಪಾರಿಂಗೂ ಸೇರಿ. ವಾಂತಿ, ಏರುವ ತಲೆನೋವು, ತೂಕಡಿಕೆ, ಎರಡೆರಡಾಗಿ ಕಾಣುವುದು, ಎರಡೂ ಕಣ್ಣು ಒಟ್ಟಿಗೆ ಕಪ್ಪಾಗುವುದು, ಮೂಗು ಕಿವಿಯಿಂದ ನೀರಿನಂತೆ ಸೋರುವುದು, ಇವುಗಳಲ್ಲಿ ಒಂದು ಕಂಡರೂ ಐಸ್ ಹಿಡಿದು ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.